ಕಲ್ಲಿನ ಆಯುಧಗಳ ಬೆನ್ನು ಹತ್ತಿದ ಬ್ರೂಸ್ ಫೂಟ್

(ಬರೆದವಳು: 7ನೇ ತರಗತಿ ವಿದ್ಯಾರ್ಥಿನಿ. ಚಿತ್ರಗಳೂ ನನ್ನವೇ)



ಈ ತಿಂಗಳು ನಮ್ಮ ಗೋಡೆ ಪತ್ರಿಕೆಯಲ್ಲಿ ದೊಡ್ಡವರ ಜೀವನ ಚರಿತ್ರೆ ಬರೆಯೋ ಪಾಳಿ ನನ್ನದು. ಗಾಂಧೀಜಿ ಆಯ್ತು, ಕಿತ್ತೂರು ಚೆನ್ನಮ್ಮ ಆಯ್ತು, ವಿಶ್ವೇಶ್ವರಯ್ಯನವರಂತೂ ಎರಡು ಸಲ ಆಯ್ತು. ಅದಕ್ಕೆ ನಾನು ಇದುವರೆಗೂ ಯಾರೂ ಬರೆಯದ ಒಬ್ಬರನ್ನು ಆರಿಸಿಕೊಂಡಿದ್ದೇನೆ. ಅವರ ಹೆಸರು ರಾಬರ್ಟ್ ಬ್ರೂಸ್ ಫೂಟ್. ಹೆಸರು ಹೇಳಿದ ಕೂಡಲೇ ಹಿಂದಿನ ಬೆಂಚಿನವರು ಸ್ಕೇಲು ತೋರಿಸಿ ಒಂದು ಫೂಟು ಎರಡು ಫೂಟು ಅಂತ ನಕ್ಕರು. ನಗಲಿ. ನಮ್ಮ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಹಳೆ ಶಿಲಾಯುಗ ಅಂತ ಓದ್ತೀವಲ್ಲ, ಆ ಯುಗ ನಮ್ಮ ದೇಶದಲ್ಲೂ ಇತ್ತು ಅಂತ ಕಲ್ಲು ಕೈಯಲ್ಲಿ ಹಿಡಿದು ತೋರಿಸಿದವರು ಇವರೇ. ಅಷ್ಟೇ ಅಲ್ಲ, ಇವರು ನಮ್ಮ ಬಳ್ಳಾರಿ ಜಿಲ್ಲೆಯ ಗುಡ್ಡಗಳನ್ನೆಲ್ಲ ಕಾಲಲ್ಲಿ ಸುತ್ತಿದವರು. ಬಳ್ಳಾರಿಯಲ್ಲಿ ಇವರ ಹೆಸರಿನ ಮ್ಯೂಸಿಯಂ ಇದೆ.

ಫೂಟ್ ಅವರು ಹುಟ್ಟಿದ್ದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ, 1834ರ ಸೆಪ್ಟೆಂಬರ್ 22ರಂದು. 1858ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣೆ ಎಂಬ ಸರ್ಕಾರಿ ಇಲಾಖೆಗೆ ಸೇರಿದರು. ಅವರನ್ನು ಮದ್ರಾಸ್ ಪ್ರಾಂತ್ಯದ ಕಡೆಗೆ ಕಳಿಸಿದರು. ಆಗ ನಮ್ಮ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. (ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಇದು ಪರೀಕ್ಷೆಗೆ ಬಂದರೂ ಬರಬಹುದು.) ಅವರ ಕೆಲಸ ಏನಪ್ಪಾ ಅಂದ್ರೆ ಯಾವ ಗುಡ್ಡದಲ್ಲಿ ಯಾವ ಜಾತಿಯ ಕಲ್ಲು ಐತೆ, ಎಲ್ಲಿ ಕಬ್ಬಿಣದ ಅದಿರು, ಎಲ್ಲಿ ಚಿನ್ನ ಅಂತ ನೋಡಿ ನಕಾಶೆ ಬರೆಯೋದು. ಕಲ್ಲಿನ ಆಯುಧ ಹುಡುಕಿ ಅಂತ ಸರ್ಕಾರ ಅವರಿಗೆ ಹೇಳಿರಲೇ ಇಲ್ಲ. ಅದು ಅವರು ತಾವಾಗಿ ಅಂಟಿಸಿಕೊಂಡ ಹುಚ್ಚು. ಪರ್ಸಿವಲ್ ಎಂಬ ದೊಡ್ಡ ತಮಿಳು ಪಂಡಿತರ ಮಗಳನ್ನು ಮದುವೆಯಾಗಿ ಅವರು ಇಲ್ಲಿಯವರೇ ಆಗಿಬಿಟ್ಟರು. ಚಿತ್ರ ಬರೆಯೋದೂ ಅವರಿಗೆ ಇಷ್ಟವಿತ್ತು. ಆಗ ಇಂಥ ಕೆಲಸದವರು ಡೇರೆ ಹಾಕಿಕೊಂಡು, ಕುದುರೆ ಮೇಲೆ, ಎತ್ತಿನ ಬಂಡಿಯಲ್ಲಿ, ಬಹಳಷ್ಟು ನಡೆದೇ ತಿರುಗಬೇಕಿತ್ತು.

ಈ ಹುಚ್ಚು ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಫ್ರಾನ್ಸ್ ದೇಶಕ್ಕೆ ಹೋಗಬೇಕು. ಅಲ್ಲಿ ಸೊಮ್ ಎಂಬ ನದಿ ಇದೆ. ಅದರ ದಂಡೆಯ ಆಬೆವಿಲ್ ಊರಿನಲ್ಲಿ ಸುಂಕದ ಅಧಿಕಾರಿಯಾಗಿದ್ದ ಬುಷೆ ದ ಪೆರ್ತ್ ಎನ್ನುವವರಿಗೆ ನದಿಯ ಗರಸಿನಲ್ಲಿ ಕೆತ್ತಿದ ಕಲ್ಲುಗಳೂ ಅವುಗಳ ಜೊತೆಗೆ ಈಗ ಇಲ್ಲವೇ ಇಲ್ಲದಂಥ ಪ್ರಾಣಿಗಳ ಮೂಳೆಗಳೂ ಸಿಕ್ಕವು. ಮನುಷ್ಯ ಅಷ್ಟು ಹಳಬನೇ, ಸಾಧ್ಯವೇ ಇಲ್ಲ ಅಂತ ವಿದ್ವಾಂಸರೆಲ್ಲ ಎಷ್ಟೋ ವರ್ಷ ಅವರನ್ನು ನಂಬಲಿಲ್ಲ. ಕೊನೆಗೆ 1859ರಲ್ಲಿ ಇಂಗ್ಲೆಂಡಿನ ಪ್ರೆಸ್ಟ್‌ವಿಚ್ ಮತ್ತು ಇವಾನ್ಸ್ ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ ಹೌದು ಅಂದರು. ಆ ಸುದ್ದಿ ಫೂಟ್ ಅವರ ತಲೆಯಲ್ಲಿ ಕೂತಿತ್ತು. ಅಲ್ಲಿ ಸಿಕ್ಕಿದ್ದು ಇಲ್ಲಿ ಯಾಕೆ ಸಿಗಬಾರದು ಅಂತ ಅವರು ಕಲ್ಲು ನೋಡುವಾಗೆಲ್ಲ ಒಂದು ಕಣ್ಣು ಅದರ ಮೇಲೂ ಇಟ್ಟಿರುತ್ತಿದ್ದರು.

1863ರ ಮೇ 30. ಮದ್ರಾಸಿನ ಹತ್ತಿರ ಪಲ್ಲಾವರಂ. ಈಗ ಅಲ್ಲೇ ಪಕ್ಕದಲ್ಲಿ ಚೆನ್ನೈ ವಿಮಾನ ನಿಲ್ದಾಣ ಇದೆ. ಆಗ ಅಲ್ಲಿ ಸೈನ್ಯದವರ ಮೈದಾನ ಇತ್ತು. ಅಲ್ಲಿ ಒಂದು ಗರಸಿನ ಗುಂಡಿ. ನಮ್ಮೂರಲ್ಲಿ ರಸ್ತೆಗೆ ಹಾಕಲು ಕೆಂಪು ಗರಸು ತೋಡಿ ಗುಂಡಿ ಬಿದ್ದಿದೆಯಲ್ಲ, ಹಾಗೆಯೇ. ಅದರಲ್ಲಿ ಫೂಟ್ ಅವರಿಗೆ ಒಂದು ಕಲ್ಲು ಸಿಕ್ಕಿತು. ಒಂದು ಕಡೆ ಚೂಪು, ಇನ್ನೊಂದು ಕಡೆ ಅಗಲ, ಎರಡೂ ಮೈಯಲ್ಲಿ ಏಟು ಹಾಕಿ ಚಕ್ಕೆ ಎಬ್ಬಿಸಿದ ಗುರುತು. ಅದು ಕೈಗೊಡಲಿ. ಹಿಡಿ ಇರುವುದಿಲ್ಲ, ಅಂಗೈಯಲ್ಲೇ ಹಿಡಿಯಬೇಕು. ಆಗ ಅವರಿಗೆ 28 ವರ್ಷ. ಮೇ ತಿಂಗಳ ಮದ್ರಾಸ್ ಬಿಸಿಲು ಅಂದ್ರೆ ನಮ್ಮ ಬಳ್ಳಾರಿ ಬಿಸಿಲಿನ ಅಕ್ಕ. ಬೇರೆ ಯಾರಾದರೂ ಆಗಿದ್ದರೆ ನೆರಳಿಗೆ ಹೋಗಿ ಕೂತಿರುತ್ತಿದ್ದರು.

ಒಂದು ಕಲ್ಲು ತಾನಾಗಿ ಒಡೆದದ್ದೋ ಮನುಷ್ಯ ಒಡೆದದ್ದೋ ಅಂತ ಹೇಗೆ ತಿಳಿಯುತ್ತೆ? ನನಗೂ ಇದೇ ಅನುಮಾನ ಇತ್ತು. ಮ್ಯೂಸಿಯಂಗೆ ಹೋದಾಗ ಸರ್ ತೋರಿಸಿದರು. ಗುಡ್ಡದಿಂದ ಉರುಳಿ ಒಡೆದ ಕಲ್ಲಿಗೆ ಏಟು ಎಲ್ಲೆಂದರಲ್ಲಿ ಬಿದ್ದಿರುತ್ತೆ. ಮನುಷ್ಯ ಒಡೆದದ್ದಕ್ಕೆ ಏಟು ಸಾಲಾಗಿ, ಅಂಚಿನಿಂದ ಒಳಕ್ಕೆ, ಒಂದು ಈ ಕಡೆ ಒಂದು ಆ ಕಡೆ ಬಿದ್ದಿರುತ್ತೆ. ಅಮ್ಮ ರೊಟ್ಟಿ ತಟ್ಟುವಾಗ ಅಂಚನ್ನು ಸುತ್ತ ತಿರುಗಿಸುತ್ತಾ ತಟ್ಟುತ್ತಾಳಲ್ಲ, ಹಾಗೆ ಕಲ್ಲನ್ನು ತಿರುಗಿಸುತ್ತಾ ಏಟು ಹಾಕಿರ್ತಾರೆ. ಚಕ್ಕೆ ಎದ್ದ ಜಾಗ ಚಿಪ್ಪಿನ ಒಳಗಿನ ಹಾಗೆ ತಗ್ಗಾಗಿರುತ್ತೆ. (ಚಿತ್ರ 1 ನೋಡಿ. ಮಾವಿನಕಾಯಿ ಅಂತ ಯಾರೂ ತಿಳಿಯಬಾರದು.)

ಒಂದು ಕಲ್ಲಿಗೆ ಫೂಟ್ ಅವರು ಸುಮ್ಮನಾಗಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 28ರಂದು, ಅಂದರೆ ತಮ್ಮ ಹುಟ್ಟುಹಬ್ಬ ಕಳೆದು ಆರೇ ದಿನಕ್ಕೆ, ವಿಲಿಯಂ ಕಿಂಗ್ ಎಂಬ ಜೊತೆಗಾರರ ಸಂಗಡ ಕೊರ್ತಲೈಯಾರ್ ನದಿಯ ಬಯಲಿನ ಅತ್ತಿರಂಪಾಕ್ಕಂ ಎಂಬ ಹಳ್ಳಿಗೆ ಹೋದರು. ಅಲ್ಲಿ ಮಳೆ ನೀರು ಕೊರೆದ ಹಳ್ಳದಲ್ಲಿ ಕೈಗೊಡಲಿಗಳು ರಾಶಿ ರಾಶಿ ಸಿಕ್ಕವು. ಒಂದಾದರೆ ಸುಳ್ಳು ಅನ್ನಬಹುದು, ರಾಶಿಗೆ ಏನು ಹೇಳೋದು? ಹಳೆ ಶಿಲಾಯುಗದ ಮನುಷ್ಯ ಫ್ರಾನ್ಸಿನಲ್ಲಿ ಇದ್ದ ಹಾಗೆ ಇಲ್ಲಿಯೂ ಇದ್ದ ಅಂತ ಗಟ್ಟಿಯಾಯ್ತು. ಇದಕ್ಕೂ ಮುಂಚೆ, 1842ರಲ್ಲೇ ನಮ್ಮ ರಾಯಚೂರು ಕಡೆಯ ಲಿಂಗಸುಗೂರಿನಲ್ಲಿ ಡಾಕ್ಟರ್ ಪ್ರಿಮ್‌ರೋಸ್ ಅವರಿಗೆ ಕಲ್ಲಿನ ಆಯುಧಗಳು ಸಿಕ್ಕಿದ್ದವು. ಆದರೆ ಅವು ಇಷ್ಟು ಹಳೆಯವಲ್ಲ, ಆಗ ಯಾರೂ ಅದನ್ನು ಅಷ್ಟಾಗಿ ಗಮನಿಸಲೂ ಇಲ್ಲ.

ಎಷ್ಟು ಹಳೆಯವು ಅಂತ ಮಾತ್ರ ಫೂಟ್ ಅವರಿಗೆ ಲೆಕ್ಕ ಹಾಕಲು ಆಗಲಿಲ್ಲ. ಆಗ ಅದಕ್ಕೆ ಯಂತ್ರವೂ ಇಲ್ಲ, ವಿಧಾನವೂ ಇಲ್ಲ. ಮಣ್ಣಿನ ಪದರ ನೋಡಿ ಬಹಳ ಹಳೆಯದು ಅನ್ನಬಹುದಿತ್ತು ಅಷ್ಟೇ. ಅದೇ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಎಂಬ ಮಹಿಳಾ ವಿಜ್ಞಾನಿ ಮತ್ತು ಅವರ ತಂಡ 1999ರಿಂದ ಅಗೆದು, 2011ರಲ್ಲಿ ಲೆಕ್ಕ ಕೊಟ್ಟರು. ಅತ್ಯಂತ ಕೆಳಗಿನ ಆಯುಧಗಳು ಸುಮಾರು 15 ಲಕ್ಷ ವರ್ಷ ಹಳೆಯವು! ನನ್ನ ಪೆನ್ನು ತಪ್ಪಿ ಸೊನ್ನೆ ಜಾಸ್ತಿ ಬಿದ್ದಿಲ್ಲ, ಹದಿನೈದು ಲಕ್ಷವೇ. ಹಂಪಿಯ ವಿಜಯನಗರ ಸಾಮ್ರಾಜ್ಯ ಶುರುವಾಗಿ ಏಳುನೂರು ವರ್ಷ ಆಗಿಲ್ಲ ಇನ್ನೂ. ಫೂಟ್ ಅವರು ಇದನ್ನು ಕೇಳಿದ್ದರೆ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು ಅಂತ ನನಗೆ ಅನಿಸುತ್ತೆ. 15 ಲಕ್ಷ ವರ್ಷದ ಹಿಂದೆ ಅವನ್ನು ಮಾಡಿದವರು ನಮ್ಮಂಥ ಮನುಷ್ಯರೂ ಅಲ್ಲ, ನಮಗಿಂತ ಹಿಂದಿನ ಇನ್ನೊಂದು ಜಾತಿಯವರು.

ಇಲ್ಲಿ ಒಂದು ಮಾತು. ಎಲ್ಲರೂ ಆಯುಧ ಆಯುಧ ಅಂತ ಬರೀತಾರೆ, ನಾನೂ ಬರೆದೆ. ಆಯುಧ ಅಂದ್ರೆ ನಮ್ಮ ತಲೆಗೆ ಯುದ್ಧವೇ ಬರುತ್ತೆ. ಆದರೆ ಕೈಗೊಡಲಿಯಿಂದ ಹೆಚ್ಚಾಗಿ ಮಾಡುತ್ತಿದ್ದದ್ದು ಮಾಂಸ ಕೊಯ್ಯೋದು, ಚರ್ಮ ಸುಲಿಯೋದು, ಗೆಡ್ಡೆ ಅಗೆಯೋದು, ಮೂಳೆ ಒಡೆಯೋದು. ಅಡುಗೆ ಮನೆಯ ಈಳಿಗೆ, ಹೊಲದ ಕುರ್ಚಿಗೆ ಎಲ್ಲ ಅದೇ. ಆಯುಧ ಪೂಜೆ ದಿನ ನಾವು ಈಳಿಗೆ ಕುಡಗೋಲಿಗೂ ಕುಂಕುಮ ಹಚ್ಚುತ್ತೀವಲ್ಲ, ಆ ಅರ್ಥದಲ್ಲಿ ಆಯುಧ ಅಂದರೆ ಸರಿಹೋಗುತ್ತೆ.

ಮುಂದೆ ಫೂಟ್ ಅವರು ನಮ್ಮ ಸೀಮೆಗೆ ಬಂದರು. ಬೆಳಗಾವಿ, ಧಾರವಾಡ, ಬಿಜಾಪುರದ ಕಡೆ ಕಲ್ಲುಗಳನ್ನು ನೋಡುತ್ತಾ ತಿರುಗಿದರು. ಮಲಪ್ರಭಾ ನದಿಯ ದಂಡೆಯಲ್ಲಿ, ಬಾದಾಮಿ ತಾಲ್ಲೂಕಿನ ಖ್ಯಾಡ ಎಂಬಲ್ಲಿ ಹಳೆ ಶಿಲಾಯುಗದ ಆಯುಧಗಳು ಸಿಕ್ಕವು. 1871ರಲ್ಲಿ ಗೋಕಾಕದ ಹತ್ತಿರ ಕಲ್ಲಾಗಿ ಹೋಗಿದ್ದ ಘೇಂಡಾಮೃಗದ ಮೂಳೆ ಸಿಕ್ಕಿತು! ಘೇಂಡಾಮೃಗ ನೋಡಬೇಕಂದ್ರೆ ಈಗ ಅಸ್ಸಾಮಿಗೆ ಹೋಗಬೇಕು, ಇಲ್ಲ ಮೈಸೂರು ಮೃಗಾಲಯಕ್ಕೆ. ಒಂದು ಕಾಲಕ್ಕೆ ಅದು ಗೋಕಾಕದಲ್ಲಿ ಮೇಯುತ್ತಿತ್ತು ಅಂದ್ರೆ ಆಗ ಅಲ್ಲಿ ಎಷ್ಟು ನೀರು, ಎಷ್ಟು ಹುಲ್ಲು ಇದ್ದಿರಬೇಕು! ಫೂಟ್ ಅವರು ಅದರ ಬಗ್ಗೆ 1874ರಲ್ಲಿ ಒಂದು ಪುಸ್ತಿಕೆಯನ್ನೇ ಬರೆದರು.

ಈಗ ನನಗೆ ಬಹಳ ಇಷ್ಟವಾದ ಭಾಗ, ಗವಿಯ ಕತೆ.

ಕರ್ನೂಲು ಸೀಮೆಯಲ್ಲಿ ಬೇತಂಚರ್ಲ ಅಂತ ಊರಿದೆ. ಹೆಸರು ಕೇಳಿದ್ದೀರಿ. ಬೇತಂಚರ್ಲ ಬಂಡೆ ಅಂತ ನಮ್ಮ ಕಡೆ ಮನೆಗಳಿಗೆ ಹಾಸುತ್ತಾರಲ್ಲ, ಅದು ಅಲ್ಲಿಯದೇ. ನಮ್ಮ ಶಾಲೆಯ ವರಾಂಡದ ನೆಲವೂ ಅದೇ ಕಲ್ಲು, ಮಧ್ಯಾಹ್ನ ಅದರ ಮೇಲೆ ಕೂತೇ ಊಟ ಮಾಡ್ತೀವಿ. ಅದು ಸುಣ್ಣದ ಜಾತಿಯ ಕಲ್ಲು. ಮಳೆ ನೀರಿಗೆ ಸುಣ್ಣಕಲ್ಲು ನಿಧಾನವಾಗಿ ಕರಗುತ್ತೆ. ಸಾವಿರಾರು ವರ್ಷ ಕರಗಿ ಕರಗಿ ಒಳಗೆ ದೊಡ್ಡ ದೊಡ್ಡ ಗವಿಗಳಾಗುತ್ತವೆ. ಬೇತಂಚರ್ಲದ ಹತ್ತಿರ ಅಂಥ ಗವಿಗಳ ಗುಂಪಿಗೆ ಬಿಲ್ಲ ಸುರ್ಗಂ ಅಂತ ಹೆಸರು. ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಸೈನ್ಯದ ಅಧಿಕಾರಿ 1844ರಲ್ಲೇ ಅಲ್ಲಿ ಮೂಳೆಗಳು ಹೂತಿವೆ ಅಂತ ಬರೆದಿದ್ದರು. ಆಮೇಲೆ ಸುಮಾರು ನಲವತ್ತು ವರ್ಷ ಯಾರೂ ಆ ಕಡೆ ತಲೆ ಹಾಕಲಿಲ್ಲ. ಯೂರೋಪಿನ ಗವಿಗಳಲ್ಲಿ ಹಳೆಯ ಮನುಷ್ಯರ ಗುರುತು ಸಿಗುತ್ತಿದ್ದವು. ಭಾರತದ ಗವಿಗಳನ್ನೂ ಯಾಕೆ ನೋಡಬಾರದು ಅಂತ ಹಕ್ಸ್‌ಲಿ ಎಂಬ ಪ್ರಸಿದ್ಧ ವಿಜ್ಞಾನಿ ಸೂಚಿಸಿದರು. ಮದ್ರಾಸಿನ ಗವರ್ನರ್ ಗ್ರಾಂಟ್ ಡಫ್ ಅದಕ್ಕೆ ಒಪ್ಪಿ ಫೂಟ್ ಅವರನ್ನು ಕಳಿಸಿದರು. ಅದು 1883ನೇ ಇಸವಿ. ಫೂಟ್ ಅವರಿಗೆ ಐವತ್ತರ ಹತ್ತಿರ.

ಗವಿಯ ನೆಲ ಸುಮ್ಮನೆ ಮಣ್ಣಲ್ಲ. ಮೇಲಿಂದ ಸುಣ್ಣದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಕಲ್ಲಿನ ಪೊರೆ ಕಟ್ಟಿರುತ್ತೆ. ಅದರ ಕೆಳಗೆ ಕೆಂಪು ಜೇಡಿ, ಮತ್ತೆ ಇನ್ನೊಂದು ಪದರ, ಹೀಗೆ. ಒಳಗೆ ಕತ್ತಲೆ, ಬಾವಲಿ. ಪದರ ಪದರವಾಗಿ ತೆಗೆಯಬೇಕು, ಯಾವ ಮೂಳೆ ಎಷ್ಟು ಆಳದಲ್ಲಿ ಸಿಕ್ಕಿತು ಅಂತ ಬರೆದಿಡಬೇಕು. ಫೂಟ್ ಅವರಿಗೆ ಇಲಾಖೆಯ ಬೇರೆ ಕೆಲಸ ಇತ್ತು. ಆಗ ಆ ಕೆಲಸ ಮುಂದುವರಿಸಿದವರು ಯಾರು ಗೊತ್ತಾ? ಅವರ ಮಗ ಹೆನ್ರಿ. ಆತ ಸೈನ್ಯದ ಫಿರಂಗಿ ದಳದಲ್ಲಿ ಲೆಫ್ಟಿನೆಂಟ್. ಫಿರಂಗಿ ಹಾರಿಸೋ ಸಿಪಾಯಿ 1884ರಲ್ಲಿ ತಿಂಗಳುಗಟ್ಟಲೆ ಗವಿಯಲ್ಲಿ ಕೂತು ಮಣ್ಣು ಕೆದಕಿ ಮೂಳೆ ಆರಿಸಿದ. ಅಪ್ಪ ಮಗ ಇಬ್ಬರೂ ಒಂದೇ ಗವಿಯನ್ನು ಅಗೆದದ್ದು ನನಗೆ ಬಹಳ ಚೆನ್ನಾಗಿ ಕಂಡಿತು. ಚಿತ್ರ 2 ಅದೇ.

ಸಿಕ್ಕಿದ್ದು ಏನು? ರಾಶಿ ರಾಶಿ ಪ್ರಾಣಿ ಮೂಳೆಗಳು. ಅದರಲ್ಲಿ ಒಂದು ಘೇಂಡಾಮೃಗಕ್ಕೆ ವಿಜ್ಞಾನಿಗಳು ಕರ್ನೂಲಿನ ಹೆಸರನ್ನೇ ಸೇರಿಸಿ ಹೆಸರಿಟ್ಟರು. ಆಮೇಲೆ ಮೂಳೆಯಿಂದಲೇ ಮಾಡಿದ ಆಯುಧಗಳು ಸಿಕ್ಕವು ಅಂತ ಫೂಟ್ ಬರೆದರು. ಬಾಣದ ಮೊನೆ, ಸಣ್ಣ ಬಾಕು, ಉಳಿ, ದಬ್ಬಳ, ಹೆರೆಯೋ ಚಾಕು, ಕೊಡಲಿಯ ಬಾಯಿ. ಕಲ್ಲಿನ ಆಯುಧಕ್ಕೆ ಹೆಸರಾದವರಿಗೆ ಗವಿಯಲ್ಲಿ ಮೂಳೆಯವು ಸಿಕ್ಕವು! ಆದರೆ ಜೊತೆಯಲ್ಲಿ ಕಲ್ಲಿನ ಆಯುಧ ಇರಲಿಲ್ಲ. ಇದೇ ಗಂಟು ಬಿತ್ತು. ಎಷ್ಟೋ ವರ್ಷ ಆದ ಮೇಲೆ ಕೆಲವು ವಿದ್ವಾಂಸರು ಅವು ಆಯುಧಗಳೇ ಅಲ್ಲ, ಪ್ರಾಣಿಗಳು ಕಡಿದು ಚೂಪಾದ ಮೂಳೆಗಳು ಅಂತ ಅನುಮಾನಪಟ್ಟರು. ಇನ್ನು ಕೆಲವರು ಫೂಟ್ ಅವರ ಪರ ನಿಂತರು. 1970ರ ದಶಕದಲ್ಲಿ ಅದೇ ಸೀಮೆಯ ಮುಚ್ಚಟ್ಲ ಚಿಂತಮಾನು ಗವಿಯಲ್ಲಿ ಎಂ.ಎಲ್.ಕೆ. ಮೂರ್ತಿ ಮೊದಲಾದವರು ಅಗೆದಾಗ ಮೂಳೆಯ ಆಯುಧಗಳು ಮತ್ತೆ ಸಿಕ್ಕವು, ಈ ಸಲ ಕಲ್ಲಿನವೂ ಜೊತೆಗಿದ್ದವು. ಒಂದು ಒಲೆಯೂ ಸಿಕ್ಕಿತು. ಅದರಲ್ಲಿ ಬೆಂಕಿ ಹಚ್ಚಿ ಸುಮಾರು 17 ಸಾವಿರ ವರ್ಷ ಆಗಿದೆಯಂತೆ. ತೆಲುಗಿನಲ್ಲೂ ಗವಿಗೆ ಗವಿ ಅಂತಲೇ ಹೆಸರು ನೋಡ್ರಿ. ಬಿಲ್ಲ ಸುರ್ಗಂನ ಒಂದೊಂದು ಮೂಳೆಯ ಬಗ್ಗೆ ಜಗಳ ಇದ್ದರೂ, ಆ ಗವಿಗಳಲ್ಲಿ ಹಳೆಯ ಮನುಷ್ಯ ಮೂಳೆಯ ಆಯುಧ ಬಳಸುತ್ತಿದ್ದ ಅನ್ನೋದು ಮಾತ್ರ ಸುಳ್ಳಾಗಲಿಲ್ಲ.

ಇನ್ನು ನಮ್ಮ ಬಳ್ಳಾರಿಗೆ ಬರೋಣ. ಬಳ್ಳಾರಿ ಪಕ್ಕದ ಸಂಗನಕಲ್ಲು ಮತ್ತು ಕಪ್ಪಗಲ್ಲಿನ ನಡುವೆ ಗುಡ್ಡಗಳಿವೆ. ಬಸ್ಸಲ್ಲಿ ಹೋಗುವಾಗ ಕಾಣುತ್ತವೆ, ಗುಂಡುಕಲ್ಲು ಒಂದರ ಮೇಲೊಂದು ಪೇರಿಸಿದ ಹಾಗೆ. ಅದರಲ್ಲಿ ಹಿರೇಗುಡ್ಡ ಎಂಬ ಗುಡ್ಡದ ಮೇಲೆ ಕರಿಕಲ್ಲಿನ ಒಂದು ಪಟ್ಟೆ ಹಾದುಹೋಗಿದೆ. ಸುತ್ತ ಬಿಳಿ ಕಲ್ಲು, ನಡುವೆ ಕಪ್ಪು ಪಟ್ಟೆ. ಆ ಕರಿಕಲ್ಲಿಗೆ ಡಾಲರೈಟ್ ಅನ್ನುತ್ತಾರೆ, ಬಹಳ ಗಟ್ಟಿ. ಹೊಸ ಶಿಲಾಯುಗದ ಜನ ಅದನ್ನು ಕಿತ್ತು ಕೊಡಲಿ ಮಾಡುತ್ತಿದ್ದರು. ಕೈಗೊಡಲಿಯ ಹಾಗೆ ಒರಟಲ್ಲ. ಮೊದಲು ಚಕ್ಕೆ ಎಬ್ಬಿಸಿ, ಆಮೇಲೆ ಸಣ್ಣಗೆ ಕುಟ್ಟಿ, ಕೊನೆಗೆ ಬಂಡೆಯ ಮೇಲೆ ನೀರು ಹಾಕಿ ತಿಕ್ಕಿ ನುಣ್ಣಗೆ ಮಾಡುತ್ತಿದ್ದರು. ತಿಕ್ಕಿದ ಜಾಗದಲ್ಲಿ ಬಂಡೆಗೆ ಉದ್ದುದ್ದ ತಗ್ಗು ಬಿದ್ದಿವೆ, ಈಗಲೂ ಕೈಯಿಟ್ಟರೆ ನುಣ್ಣಗಿವೆ. ಅಲ್ಲಿ ಬಿದ್ದ ಚಕ್ಕೆಗಳ ರಾಶಿ ನೋಡಿ ಫೂಟ್ ಅವರು ಇದು ಕೊಡಲಿಯ ದೊಡ್ಡ ಕಾರ್ಖಾನೆ ಅಂತ ಗುರುತಿಸಿದರು. ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ನಮ್ಮ ಜಿಲ್ಲೆಯಲ್ಲಿ ಕಾರ್ಖಾನೆ! ಅಲ್ಲಿ ಆಮೇಲೆ ಅಗೆದ ವಿಜ್ಞಾನಿಗಳಿಗೆ ಸುಟ್ಟು ಕರಿಯಾದ ಕಾಳುಗಳು ಸಿಕ್ಕಿವೆ. ಯಾವುವು ಅಂದ್ರೆ ಹುರುಳಿ, ಹೆಸರು, ಕೊರಲೆ. ಹುರುಳಿ ಕಟ್ಟಿನ ಸಾರು ನಿನ್ನೆಯೂ ನಮ್ಮನೆಯಲ್ಲಿ ಮಾಡಿದ್ದರು. ಕಪ್ಪಗಲ್ಲಿನ ಗುಡ್ಡದಲ್ಲಿ ಗೂಳಿ, ಮನುಷ್ಯರ ಚಿತ್ರ ಕುಟ್ಟಿ ಕೆತ್ತಿದ್ದಾರೆ. ಕೆಲವು ಬಂಡೆಗಳಿಗೆ ಕಲ್ಲಿನಿಂದ ಹೊಡೆದರೆ ಗಂಟೆ ಹಾಗೆ ಟಣ್ ಅನ್ನುತ್ತವೆ.

ಕುಡತಿನಿ ಕಡೆಯ ಬೂದಿದಿಬ್ಬಗಳ ಬಗ್ಗೆ ಅಜ್ಜಿಯಂದಿರನ್ನು ಕೇಳಿ, ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಅನ್ನುತ್ತಾರೆ. ಹಂಪಿ ಹತ್ತಿರ ನಿಂಬಾಪುರದ್ದು ವಾಲಿಯನ್ನು ಸುಟ್ಟ ಬೂದಿ. ಫೂಟ್ ಅವರು ಆ ಬೂದಿಯನ್ನು ಕೆದಕಿ ನೋಡಿದರು. ಅಲ್ಲಿ ಹೊಸ ಶಿಲಾಯುಗದ ಮಡಕೆ ಚೂರು, ಕಲ್ಲಿನ ಕೊಡಲಿ ಇದ್ದವು. ಅವರು ಹೇಳಿದ್ದು ಏನೆಂದರೆ ಇದು ದನದ ಸಗಣಿ ಸುಟ್ಟ ಬೂದಿ, ಆ ಕಾಲದ ಜನ ದನ ಕೂಡಿಹಾಕುತ್ತಿದ್ದ ದೊಡ್ಡಿಯ ಜಾಗ. ಬಹಳ ಜನ ಒಪ್ಪಲಿಲ್ಲ. 1957ರಲ್ಲಿ ಆಲ್ಚಿನ್ ಎಂಬುವರು ಉಟ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆದಾಗ ಬೂದಿಯ ಪದರದಲ್ಲಿ ದನದ ಗೊರಸಿನ ಗುರುತುಗಳೇ ಕಂಡವು. ಆಮೇಲೆ ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಪ್ರೊಫೆಸರ್ ಪದ್ದಯ್ಯ ಅಗೆದರು, ಅಲ್ಲಿಯೂ ದನದ ದೊಡ್ಡಿಯೇ. ಫೂಟ್ ಅವರು ಹೇಳಿದ್ದು ನಿಜವಾಯ್ತು. ನನಗೆ ಅನಿಸೋದು, ಸಗಣಿ ತಟ್ಟಿ ಕುಳ್ಳು ಮಾಡೋ ನಮ್ಮೂರ ಹೆಂಗಸರಿಗೆ ತೋರಿಸಿದ್ದರೆ ಆವತ್ತೇ ಇದು ಕುಳ್ಳಿನ ಬೂದಿ ಅಂತ ಹೇಳಿಬಿಡುತ್ತಿದ್ದರು.

ಎಲ್ಲದರಲ್ಲೂ ಅವರು ಸರಿ ಅಂತ ಬರೆದರೆ ಅದು ಸುಳ್ಳಾಗುತ್ತೆ. ಹಳೆ ಶಿಲಾಯುಗಕ್ಕೂ ಹೊಸ ಶಿಲಾಯುಗಕ್ಕೂ ನಡುವೆ ದೊಡ್ಡ ಖಾಲಿ ಜಾಗ ಇದೆ, ಆಗ ಇಲ್ಲಿ ಜನವೇ ಇರಲಿಲ್ಲ ಅಂತ ಅವರು ನಂಬಿದ್ದರು. ಅದು ಹಾಗಲ್ಲ. ನಡುವಿನ ಕಾಲದ ಸಣ್ಣ ಸಣ್ಣ ಕಲ್ಲಿನ ಆಯುಧಗಳು ಆಮೇಲೆ ಬೇಕಾದಷ್ಟು ಕಡೆ ಸಿಕ್ಕಿವೆ. ಜನ ಇಲ್ಲೇ ಇದ್ದರು.

ಫೂಟ್ ಅವರ ಒಂದು ಅಭ್ಯಾಸ ಮಾತ್ರ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುತ್ತೆ. ಯಾವ ಕಲ್ಲು ಯಾವ ಊರಲ್ಲಿ ಸಿಕ್ಕಿತು ಅಂತ ಅವರು ಬರೆದಿಡುತ್ತಿದ್ದರು. ಹಾಗೆ ನಾನೂರಕ್ಕೂ ಹೆಚ್ಚು ಜಾಗಗಳನ್ನು ಗುರುತಿಸಿದರು. ಇದರಲ್ಲಿ ಏನು ದೊಡ್ಡದು ಅಂತ ಕೇಳ್ತೀರಾ? ಹೇಳ್ತೀನಿ.

ನಮ್ಮ ಅಪ್ಪ ಕಲ್ಲು ಒಡೆಯೋ ಕೆಲಸ ಮಾಡ್ತಾನೆ. ಗುಡ್ಡಕ್ಕೆ ಮದ್ದು ಇಟ್ಟು ಒಡೆದು, ಟಿಪ್ಪರಿನಲ್ಲಿ ಕ್ರಷರ್‌ಗೆ ಕಳಿಸಿ ಜಲ್ಲಿ ಮಾಡ್ತಾರೆ. ನನ್ನ ಪಟ್ಟಿ ಪುಸ್ತಕ, ತಮ್ಮನ ಚಪ್ಪಲಿ, ಮನೆಯ ಅಕ್ಕಿ ಬೇಳೆ ಎಲ್ಲ ಆ ಕಲ್ಲಿಂದಲೇ. ಹೋದ ವರ್ಷ ಅಪ್ಪ ಒಂದು ಕರಿಕಲ್ಲು ಜೇಬಿನಲ್ಲಿ ಹಾಕಿಕೊಂಡು ಬಂದ. ನನ್ನ ಅಂಗೈಯಷ್ಟಿತ್ತು, ಒಂದು ತುದಿ ಚೂಪು, ಇನ್ನೊಂದು ಕಡೆ ಕೊಡಲಿ ಬಾಯಿ, ಮೈಯೆಲ್ಲ ಸಾಬೂನಿನ ಹಾಗೆ ನುಣುಪು. ಅಜ್ಜಿ ನೋಡಿದ ತಕ್ಷಣ ಸಿಡ್ಲಗಲ್ಲು ಅಂದಳು. ಸಿಡಿಲು ಬಿದ್ದಾಗ ಭೂಮಿಯೊಳಗೆ ಇಳಿಯೋ ಕಲ್ಲಂತೆ, ದನಕ್ಕೆ ಹೊಟ್ಟೆನೋವು ಬಂದರೆ ಅದನ್ನು ತೊಳೆದ ನೀರು ಕುಡಿಸುತ್ತಾರಂತೆ. ಅದನ್ನು ಬೇವಿನ ಮರದ ಕಟ್ಟೆಯಲ್ಲಿ ಇಟ್ಟು ಅರಿಶಿನ ಹಚ್ಚಿದಳು. ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅದರ ಅಣ್ಣತಮ್ಮಂದಿರನ್ನು ನೋಡಿ ನನಗೆ ಮೈ ಜುಂ ಅಂತು. ಬಂದವಳೇ ಅಪ್ಪನನ್ನು ಕೇಳಿದೆ, ಅದು ಎಲ್ಲಿ ಸಿಕ್ಕಿತು ಅಂತ. ಅಪ್ಪ ಬಹಳ ಹೊತ್ತು ಯೋಚಿಸಿದ. ಟಿಪ್ಪರಿನ ಲೋಡಿನಲ್ಲಿ ಇತ್ತಂತೆ. ಆ ಲೋಡು ಗುಡ್ಡದ ಯಾವ ಮಗ್ಗುಲಿಂದ ಬಂತು, ಮೇಲಿಂದಲೋ ಕೆಳಗಿಂದಲೋ, ಅದರ ಜೊತೆಗೆ ಮಡಕೆ ಚೂರು ಇತ್ತೋ, ಬೂದಿ ಇತ್ತೋ, ಯಾರಿಗೂ ಗೊತ್ತಿಲ್ಲ. ಆ ಮಗ್ಗುಲು ಈಗ ಇಲ್ಲವೇ ಇಲ್ಲ, ರಸ್ತೆಗೆ ಜಲ್ಲಿಯಾಗಿ ಹೋಗಿದೆ. ಕೊಡಲಿ ಉಳಿಯಿತು, ಅದರ ಮನೆ ಹೋಯಿತು. ಫೂಟ್ ಅವರು ಊರಿನ ಹೆಸರು ಬರೆದಿಟ್ಟಿದ್ದರಿಂದಲೇ ನೂರೈವತ್ತು ವರ್ಷ ಆದರೂ ವಿಜ್ಞಾನಿಗಳು ಅದೇ ಹಳ್ಳಕ್ಕೆ, ಅದೇ ಗುಡ್ಡಕ್ಕೆ ತಿರುಗಿ ಹೋಗಿ ಅಗೆಯಲು ಆಯ್ತು.

ಸಂಗನಕಲ್ಲು, ಕಪ್ಪಗಲ್ಲಿನ ಗುಡ್ಡಗಳಲ್ಲೂ ಕಲ್ಲು ಒಡೆದು ಎಷ್ಟೋ ಚಿತ್ರ, ಎಷ್ಟೋ ಗುರುತು ಹಾಳಾಗಿವೆ. ಒಡೆಯಬೇಡಿ ಅಂತ ಬರೆಯೋದು ಸುಲಭ, ನನಗೆ ಕಷ್ಟ. ಕೆಲಸ ನಿಂತರೆ ಅಪ್ಪ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಬೇಕು, ನಾವು ಅಜ್ಜಿ ಹತ್ತಿರ ಉಳಿಯಬೇಕು. ನಾನು ಅಪ್ಪನಿಗೆ ಹೇಳಿರೋದು ಇಷ್ಟೇ. ನುಣುಪು ಕಲ್ಲಾಗಲಿ ಮಡಕೆ ಚೂರಾಗಲಿ ಬೂದಿಯ ಪದರವಾಗಲಿ ಕಂಡರೆ ಎತ್ತಬೇಡ, ಎಲ್ಲಿ ಅಂತ ನೆನಪಿಟ್ಟುಕೊಂಡು ಬಂದು ಹೇಳು, ಸರ್ ಮೂಲಕ ಮ್ಯೂಸಿಯಂನವರಿಗೆ ತಿಳಿಸೋಣ. ಅಪ್ಪ ತಲೆ ಆಡಿಸಿದ್ದಾನೆ. ಈಗ ಸಂಜೆ ಬಂದು ಚಹಾ ಕುಡಿಯುವಾಗ ಇವತ್ತು ಏನೂ ಕಾಣಲಿಲ್ಲ ಕಣವ್ವ ಅಂತ ತಾನಾಗಿಯೇ ಹೇಳ್ತಾನೆ.

ಮತ್ತೆ ಫೂಟ್ ಅವರ ಕಡೆಗೆ. ಚಿನ್ನ ಸಿಗುವ ಒಂದು ಜಾತಿಯ ಹಳೆಯ ಕಲ್ಲುಗಳಿಗೆ ಧಾರವಾಡ ಶಿಲೆಗಳು ಅಂತ ಹೆಸರಿಟ್ಟವರು ಅವರೇ. ಜಗತ್ತಿನಲ್ಲಿ ಕಲ್ಲಿನ ಬಗ್ಗೆ ಓದುವವರೆಲ್ಲ ನಮ್ಮ ಧಾರವಾಡದ ಹೆಸರು ಹೇಳಬೇಕು. 1891ರಲ್ಲಿ ನಿವೃತ್ತರಾದರು. ನಿವೃತ್ತಿ ಅಂದ್ರೆ ಕಟ್ಟೆ ಮೇಲೆ ಕೂರೋದು ಅಂತ ಅವರು ತಿಳಿಯಲಿಲ್ಲ. ಬರೋಡಾ ಸಂಸ್ಥಾನಕ್ಕೆ ಹೋಗಿ ದುಡಿದರು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ಶುರು ಮಾಡಿದಾಗ ಅದರ ಮೊದಲ ಮುಖ್ಯಸ್ಥರಾದರು, ಆಗ ಅವರಿಗೆ ಅರವತ್ತು. ನಮ್ಮ ಬಳ್ಳಾರಿ ಜಿಲ್ಲೆಯ ಕಲ್ಲುಗಳ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕ 1895ರಲ್ಲಿ ಬಂತು. ಮಸ್ಕಿಯ ಸುತ್ತಲೂ ಅವರು ಹಳೆಯ ವಸ್ತುಗಳನ್ನು ಕಂಡಿದ್ದರು. ಅದೇ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕಿತು. ಅದನ್ನು ನೋಡಲು ಅವರು ಇರಲಿಲ್ಲ.

ಕೊನೆಗಾಲದಲ್ಲಿ ತಮಿಳುನಾಡಿನ ಏರ್ಕಾಡು ಬೆಟ್ಟದಲ್ಲಿ ಮನೆ ಮಾಡಿಕೊಂಡಿದ್ದರು. ತಾವು ಕೂಡಿಸಿದ ಕಲ್ಲು, ಮಡಕೆ ಎಲ್ಲವನ್ನೂ 1904ರಲ್ಲಿ ಮದ್ರಾಸಿನ ಸರ್ಕಾರಿ ಮ್ಯೂಸಿಯಂಗೆ ಕೊಟ್ಟರು. ಸರ್ಕಾರ ದುಡ್ಡು ಕೊಟ್ಟೇ ಕೊಂಡಿತು, ಪುಕ್ಕಟೆ ಅಲ್ಲ. ಆಮೇಲೂ ಕೂತು ಒಂದೊಂದು ಕಲ್ಲಿಗೂ ನ್ಯಾಯವಾದ ಪಟ್ಟಿ ಬರೆಯುತ್ತಾ ಹೋದರು. 1912ರ ಡಿಸೆಂಬರ್ 29ರಂದು, 78ನೇ ವಯಸ್ಸಿನಲ್ಲಿ ತೀರಿಕೊಂಡರು. ಪಟ್ಟಿಯ ಪುಸ್ತಕ ಅಚ್ಚಾಗಿ ಬಂದದ್ದು 1914ರಲ್ಲಿ, ಅದರ ವಿವರಣೆಯ ಪುಸ್ತಕ 1916ರಲ್ಲಿ.

ಆ ಪಟ್ಟಿಯಲ್ಲಿ ಜಿಲ್ಲೆ, ತಾಲ್ಲೂಕು, ಊರು ಅಂತ ಹೆಸರುಗಳ ಸಾಲೇ ಇದೆಯಂತೆ, ಬಳ್ಳಾರಿಯ ಊರುಗಳು ಬಹಳ ಇವೆಯಂತೆ. ಮುಂದಿನ ಸಲ ಬಳ್ಳಾರಿಗೆ ಹೋದಾಗ ಆ ಪುಸ್ತಕ ತೋರಿಸಿ ಅಂತ ಕೇಳಲು ಸರ್ ಒಪ್ಪಿದ್ದಾರೆ. ನಾನು ಮೊದಲು ನಮ್ಮೂರ ಹೆಸರು ಹುಡುಕ್ತೀನಿ.